ಹಲಗೂರಿನ ಕಬ್ಬಿಣ, ಹವ್ಯಾಸದ ಚಾಕು

1

ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೊರಟವರಿಗೆ ಮಳವಳ್ಳಿ ಕಡೆಯಿಂದ ಶಿವನಸಮುದ್ರದ ಮೇಲೆ ಹೋಗುವ ದಾರಿಯೊಂದಿದೆ. ಆ ದಾರಿಯಲ್ಲಿ ಹೊರಟ ನಾವು ಕೆಲವು ಗೆಳೆಯರು ಹೊಳೆ ದಂಡೆಯಲ್ಲಿ ಮೀನು ಹುರಿದು ಮಾರುತ್ತಿದ್ದ ಹೆಂಗಸೊಬ್ಬಳ ಒಲೆ ಪಕ್ಕ ಕುಳಿತಿದ್ದೆವು. ಬೆಂಗಳೂರಿನಿಂದ ಬಂದ ಇಬ್ಬರು ಹುಡುಗರೂ ಅಲ್ಲಿದ್ದರು. ಕಂಪನಿ ಕೆಲಸದವರು. ಅದರಲ್ಲೊಬ್ಬ ಸೊಂಟದ ತೊಗಲಿನ ಒರೆಯಿಂದ ಒಂದು ಚಾಕು ತೆಗೆದು ಸೌತೆಕಾಯಿ ಹೆಚ್ಚತೊಡಗಿದ. ಬೀಟೆ ಮರದ ಹಿಡಿ, ಹಿತ್ತಾಳೆ ಮೊಳೆ, ಕನ್ನಡಿಯಂತೆ ಹೊಳೆಯುವ ಅಲಗು. ಎಲ್ಲಿ ಕೊಂಡಿರಿ ಎಂದು ಕೇಳಿದೆವು. ಕೊಂಡಿದ್ದಲ್ಲ, ತಾನೇ ಮಾಡಿದ್ದು ಎಂದ. ಲಾರಿಯ ಹಳೇ ಕಮಾನು ಪಟ್ಟಿಯಿಂದ ಬಡಿದದ್ದಂತೆ. ಶನಿವಾರ ಭಾನುವಾರ ಅದೇ ಕೆಲಸವಂತೆ. 'ಇದು ನನ್ನ ಹವ್ಯಾಸ ಸಾರ್' ಎಂದ. ಮುಖದಲ್ಲಿ ಇದ್ದದ್ದು ಸುಳ್ಳು ಜಂಬವಲ್ಲ, ನಿಜವಾದ ಸಂತೋಷ.

ಮೀನಿನ ಅಕ್ಕ ಚಾಕು ಈಸಿಕೊಂಡಳು. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಮೆಲ್ಲಗೆ ಸವರಿ ನೋಡಿದಳು. ಕೆಲಸದವರು ಹಾಗೇ ನೋಡುವುದು. 'ಚೆಂದಾಗೈತೆ ಕಣಪ್ಪಾ. ಇದ್ರಲ್ಲಿ ಏನ್ ಕುಯ್ತೀಯ?' ಅಂದಳು. ಹುಡುಗ ನಕ್ಕ. ಅವನಲ್ಲಿ ಉತ್ತರವಿರಲಿಲ್ಲ. ಆಕೆಯ ಕೈಯಲ್ಲೂ ಒಂದು ಚಾಕು ಇತ್ತು. ಮುರಿದ ಗರಗಸದ ಬ್ಲೇಡಿನ ತುಂಡು, ಹಿಡಿಗೆ ಹಳೇ ಸೀರೆಯ ಅಂಚು ಸುತ್ತಿದ್ದು. ಅದನ್ನೂ ಯಾರೂ ಅಂಗಡಿಯಲ್ಲಿ ಮಾರುವುದಿಲ್ಲ. ಅದೂ ಕೈಯಲ್ಲೇ ಮಾಡಿದ್ದು. ಆದರೆ ಅದನ್ನು ಹವ್ಯಾಸ ಎಂದು ಯಾರೂ ಕರೆಯುವುದಿಲ್ಲ.

ಒಂದೇ ಒಲೆಯ ಎರಡು ಪಕ್ಕದಲ್ಲಿ ಇದ್ದ ಈ ಎರಡು ಚಾಕುಗಳ ನಡುವೆ ಏನಿದೆ? ಚಿಕ್ಕಲ್ಲೂರು ಮುಟ್ಟುವವರೆಗೂ ನಾವು ಇದನ್ನೇ ಜಗಳವಾಡಿಕೊಂಡು ಹೋದೆವು. ರಾತ್ರಿ ನೀಲಗಾರರು ತಂಬೂರಿ ಹಿಡಿದು ಹಲಗೂರಿನ ಸಾಲು ಹಾಡುವಾಗ, ನಮ್ಮ ಜಗಳವನ್ನೇ ಅವರು ಶತಮಾನಗಳಿಂದ ಹಾಡುತ್ತಾ ಬಂದಿದ್ದಾರಲ್ಲಾ ಅನ್ನಿಸಿತು. ಈ ಬರಹ ಆ ಸಾಲನ್ನು ಮತ್ತೆ ಓದುವ ಪ್ರಯತ್ನ.

2

ಕತೆ ನಮ್ಮ ಸೀಮೆಯವರಿಗೆ ಗೊತ್ತು. ಬೇರೆ ಕಡೆಯ ಓದುಗರಿಗಾಗಿ ಚುಟುಕಾಗಿ ಹೇಳುತ್ತೇವೆ. 'ಧರೆಗೆ ದೊಡ್ಡವರು' ಎನ್ನಿಸಿಕೊಂಡ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುತ್ತಾನೆ. ನಾರುವ ಮೈ, ಅಸಹ್ಯದ ವೇಷ. ಶರಣರೆಂದು ಹೇಳಿಕೊಂಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಅಲ್ಲಿಯ ಭಕ್ತಿಯನ್ನು ಒರೆಗೆ ಹಚ್ಚಿ ನೋಡಿ ತೆಂಕಣಕ್ಕೆ ಇಳಿದು ಬರುತ್ತಾನೆ. ರಾಚಪ್ಪಾಜಿ, ಚೆನ್ನಾಜಮ್ಮ, ದೊಡ್ಡಮ್ಮ ಮೊದಲಾದ ಶಿಶುಮಕ್ಕಳನ್ನು ಕಟ್ಟಿಕೊಳ್ಳುತ್ತಾನೆ. ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿಯನ್ನು ಕೇಳುತ್ತಾನೆ. ಹೆತ್ತವರು ಕೊಡುವುದಿಲ್ಲ. ಕಷ್ಟದ ಮೇಲೆ ಕಷ್ಟ ಬಂದು ಕೊನೆಗೆ ಆ ಹುಡುಗ ಗುರುವಿನ ಪಾಲಾಗಿ ಸಿದ್ಧಪ್ಪಾಜಿ ಆಗುತ್ತಾನೆ. ಆಮೇಲೆ ಗುರು ಅವನಿಗೆ ಒಂದು ಕೆಲಸ ಹೇಳುತ್ತಾನೆ: ಹಲಗೂರಿಗೆ ಹೋಗು, ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷ ತಗೊಂಡು ಬಾ.

ಕೊಂಚ ನಿಂತು ನೋಡಿ. ಲೋಕದ ಜೋಗಿಗಳೆಲ್ಲ ಬೇಡುವುದು ಅಕ್ಕಿ, ರಾಗಿ, ಕಾಸು. ಈ ಜೋಗಿ ಬೇಡುವುದು ಕಬ್ಬಿಣ. ಇಂಥ ಭಿಕ್ಷೆ ಬೇರೆ ಯಾವ ಪುರಾಣದಲ್ಲಿ ಉಂಟು? ಅಕ್ಕಿ ಉಂಡರೆ ಮುಗಿಯಿತು. ಕಬ್ಬಿಣ ಹಾಗಲ್ಲ. ಅದರಿಂದ ಗುಳ ಆಗುತ್ತದೆ, ಗುದ್ದಲಿ ಆಗುತ್ತದೆ, ಮಚ್ಚಾಗುತ್ತದೆ, ಕುಡ್ಲಾಗುತ್ತದೆ. ಅಕ್ಕಿ ಕೇಳುವವನು ಇವತ್ತಿನ ಹಸಿವಿಗೆ ಕೇಳುತ್ತಾನೆ. ಕಬ್ಬಿಣ ಕೇಳುವವನು ನಾಳೆಯ ದುಡಿಮೆಯ ಒಡೆತನವನ್ನೇ ಕೇಳುತ್ತಾನೆ.

ಹಲಗೂರಿನವರಿಗೆ ಇದು ಅರ್ಥವಾಗದೆ ಇರಲಿಲ್ಲ. ರಾಶಿ ರಾಶಿ ಕಬ್ಬಿಣ ಇಟ್ಟುಕೊಂಡು ಇಲ್ಲ ಅಂದರು. ಹಾಡುವವರ ಬಾಯಲ್ಲಿ ಮುಂದಿನ ಕತೆ ಒಂದೊಂದು ಕಡೆ ಒಂದೊಂದು ಬಗೆಯಾಗಿ ಬರುತ್ತದೆ. ನಂಜು ಕುಡಿಸಿದರು, ಕಾಸಿದ ಕಬ್ಬಿಣ ಹೊರಿಸಿದರು, ಪವಾಡ ತೋರಿಸು ಎಂದು ಕಾಡಿದರು. ಹುಡುಗ ಎಲ್ಲವನ್ನೂ ಗೆದ್ದ. ಕೊನೆಗೆ ಹಲಗೂರು ಉರಿಯಿತು. ಕಬ್ಬಿಣ ಸಿಕ್ಕಿತು. ಸಿದ್ಧಪ್ಪಾಜಿ ಚಿಕ್ಕಲ್ಲೂರಿನಲ್ಲಿ ನೆಲೆಯಾದ.

ನಮ್ಮ ವಿದ್ವಾಂಸ ಮಹಾಶಯರು ಈ ಸಾಲನ್ನು ಓದಿಲ್ಲವೆಂದಲ್ಲ. ನೀಲಗಾರರ ಬಾಯಿಂದ ಕೇಳಿ, ಬರೆದಿಳಿಸಿ, ದಪ್ಪ ದಪ್ಪ ಪುಸ್ತಕ ಮಾಡಿದ್ದಾರೆ. ಆ ಶ್ರಮ ದೊಡ್ಡದು, ಅದಕ್ಕೆ ಶರಣು. ಆದರೆ ಪೀಠಿಕೆಗಳಲ್ಲಿ ಬರುವ ಓದು ಹೆಚ್ಚಾಗಿ ಎರಡು ಬಗೆಯದು. ಮೊದಲನೆಯದು, ಇದು ಗುರುವಿನ ಮಹಿಮೆ, ಶಿಷ್ಯನ ಪರೀಕ್ಷೆ, ಪವಾಡ ಎನ್ನುವ ಓದು. ಎರಡನೆಯದು, ಇದು ಎರಡು ಪಂಥಗಳ ಜಗಳ, ಯಾರು ಮೇಲೆಂಬ ಪೈಪೋಟಿ ಎನ್ನುವ ಓದು. ಮೊದಲನೆಯದು ಕಬ್ಬಿಣವನ್ನು ಕರಗಿಸಿ ಭಕ್ತಿ ಮಾಡಿಬಿಡುತ್ತದೆ. ಎರಡನೆಯದು ಕಬ್ಬಿಣವನ್ನು ಎತ್ತಿ ಪಕ್ಕಕ್ಕಿಟ್ಟು ಬರೀ ಜಾತಿಯ ಪಟ್ಟಿ ಹಿಡಿದು ಕೂರುತ್ತದೆ. ಎರಡರಲ್ಲೂ ಕಬ್ಬಿಣ ಕಬ್ಬಿಣವಾಗಿ ಉಳಿಯುವುದಿಲ್ಲ. ಕೂಲಿ ಮಾಡಿ ಬಂದು ರಾತ್ರಿಯೆಲ್ಲಾ ಕೂತು ಕೇಳುವ ಹೆಂಗಸಿಗೆ ಗೊತ್ತು, ಅದು ಕಬ್ಬಿಣ. ಅವಳ ಕುಡ್ಲು ಮೊಂಡಾದಾಗ ಆಚಾರಿ ಮನೆ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವಳಿಗೆ ಗೊತ್ತು.

ಇನ್ನೊಂದು ಗಂಟೂ ಇಲ್ಲಿದೆ. ಕಬ್ಬಿಣ ಕೇಳಲು ಹೋದವನು ಯಾರು? ಕಬ್ಬಿಣದವರ ಮನೆಯಲ್ಲೇ ಹುಟ್ಟಿದವನು. ಕೆಂಪಾಚಾರಿಯಾಗಿಯೇ ಉಳಿದಿದ್ದರೆ ಅವನಿಗೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಕುಲುಮೆ, ಅಡಿಗಲ್ಲು, ತಿದಿ ಎಲ್ಲವೂ ಅವನ ಹುಟ್ಟಿನ ಹಕ್ಕು. ನೀಲಗಾರರ ಗುರುವಿನ ಕಡೆ ಸೇರಿದ ಗಳಿಗೆಯಿಂದ ಅವನ ಅಣ್ಣತಮ್ಮಂದಿರಂಥವರಿಗೇ ಅವನು ಬೇಡುವವನಾದ, ಸಾಯಿಸಬೇಕಾದವನಾದ. ಜಾತಿ ಎಂದರೆ ಏನೆಂದು ಹತ್ತು ಪುಸ್ತಕ ಹೇಳದ್ದನ್ನು ಈ ಒಂದು ಪ್ರಸಂಗ ಹೇಳುತ್ತದೆ. ವಿದ್ಯೆ ಕೈಯಲ್ಲಿದ್ದರೆ ಸಾಲದು. ಯಾವ ಕೇರಿಯಲ್ಲಿ ನಿಂತು ಕೈ ಚಾಚುತ್ತೀಯ ಎಂಬುದರ ಮೇಲೆ ಕಬ್ಬಿಣ ಸಿಗುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ.

ಹಾಗೆಂದು ನಾವು ಹಲಗೂರಿನ ಆಚಾರಿಗಳನ್ನು ರಾಕ್ಷಸರನ್ನಾಗಿ ಮಾಡಿ ಮನೆಗೆ ಹೋಗುವಂತಿಲ್ಲ. ಹಳೇ ಮೈಸೂರು ಸೀಮೆಯ ಬಲಗೈ ಎಡಗೈ ಜಗಳಗಳಲ್ಲಿ ಪಾಂಚಾಳರು ಎಡಗೈ ಬಣದವರು. ಮಾದಿಗರೂ ಅದೇ ಬಣದವರು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಈಸಿಕೊಂಡು ಊರ ಗುಳ ಹಣಿಸಿಕೊಡುತ್ತಿದ್ದ ಆಚಾರಿಯೂ ದುಡಿಯುವವನೇ, ಒಡೆಯನಲ್ಲ. ಹಾಗೆಯೇ ನೀಲಗಾರರ ಮನೆಯೊಳಗನ್ನೂ ನೋಡಬೇಕು. ಹಾಡುವವರು ಬಹುಮಟ್ಟಿಗೆ ಹೊಲಗೇರಿಯವರು, ಇತರ ತಳಜಾತಿಯ ಒಕ್ಕಲುಗಳು. ಬೊಪ್ಪೇಗೌಡನಪುರದ ಮಠದ ಗದ್ದುಗೆ ಇರುವುದು ಅರಸು ಮನೆತನದವರ ಕೈಯಲ್ಲಿ. ಕಬ್ಬಿಣ ತಂದವನ ಹಾಡು ಒಬ್ಬರ ಬಾಯಲ್ಲಿ, ಕಟ್ಟಿದ ಮಠ ಇನ್ನೊಬ್ಬರ ಕೈಯಲ್ಲಿ. ಹಲಗೂರು ಉರಿದ ಮೇಲೂ ಕಬ್ಬಿಣದ ಪ್ರಶ್ನೆ ಉರಿಯುತ್ತಲೇ ಇದೆ.

3

ಈಗ ಹುಡುಗನ ಚಾಕುವಿಗೆ ಬರೋಣ. ಅವನು ನಮಗೆ ತನ್ನ ಕೆಲಸವನ್ನು ಬಿಡಿಸಿ ಹೇಳಿದ. ಕಮಾನು ಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟೋ ಕೊಂಚ ಹೆಚ್ಚೋ ಇಂಗಾಲ ಇರುತ್ತದೆ. ಕೆಂಪಗೆ ಕಾಯಿಸಿ ಬಡಿದು ಆಕಾರಕ್ಕೆ ತರಬೇಕು. ಆಮೇಲೆ ಅಯಸ್ಕಾಂತ ಅಂಟದ ಹಂತ ದಾಟುವವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಗ ಅಲಗು ಗಾಜಿನಂತೆ ಗಡುಸು, ಬಿದ್ದರೆ ಸಿಡಿಯುತ್ತದೆ. ಅದಕ್ಕೇ ಮತ್ತೆ ಇನ್ನೂರು ಡಿಗ್ರಿಯ ಸುಮಾರಿಗೆ ಹದವಾಗಿ ಬಿಸಿ ಮಾಡಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಇಳಿಸಬೇಕು. ಸಾಣೆ ಹಿಡಿಯಬೇಕು. ಒದ್ದೆಯಾಗಿ ಬಿಟ್ಟರೆ ತುಕ್ಕು. ಕೊಯ್ದ ತಕ್ಷಣ ಒರೆಸಿ ಎಣ್ಣೆ ಸವರಬೇಕು. ತೊಗಲಿನ ಒರೆಯಲ್ಲೇ ಬಹಳ ದಿನ ಇಟ್ಟರೂ ಕೆಡುತ್ತದೆ, ತೊಗಲು ನೀರು ಹಿಡಿಯುತ್ತದೆ.

ಇದೆಲ್ಲಾ ಇಂಟರ್‌ನೆಟ್ಟಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಕಲಿತದ್ದು ಎಂದ. ಹಲಗೂರಿನಿಂದ ಕೂಗಳತೆಯಲ್ಲಿ ಕೂತು ಅವನು ಈ ಮಾತು ಹೇಳಿದ! ನಮ್ಮ ಕುಲುಮೆಯವರು ಇದನ್ನೇ ಬೇರೆ ನುಡಿಯಲ್ಲಿ ಹೇಳುತ್ತಾರೆ. ಹದ ಹಾಕುವುದು, ನೀರು ಕುಡಿಸುವುದು, ಹಣಿಸುವುದು, ಕುಡ್ಲಿಗೆ ಕಕ್ಕು ಹಾಕುವುದು, ಮಸೆಯುವುದು. ಕುಲುಮೆಯನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಹಾಕುವುದು ಯಾಕೆ? ಬಿಸಿಲಲ್ಲಿ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಡಿಗ್ರಿ ಅಳೆಯುವ ಯಂತ್ರ ಇಲ್ಲದವನಿಗೆ ಕಣ್ಣೇ ಯಂತ್ರ. ಹದ ಎಂಬ ಒಂದು ಮಾತಿನಲ್ಲಿ ಒಂದು ಶಾಸ್ತ್ರವೇ ಇದೆ. ಆದರೆ ಅದು ಬರೆದಿಟ್ಟ ಶಾಸ್ತ್ರವಲ್ಲ. ಬರೆಯಲು ಬಿಡದವರ ಶಾಸ್ತ್ರ.

ಚರಿತ್ರೆ ಇದಕ್ಕಿಂತ ದೊಡ್ಡ ತಮಾಷೆ ಮಾಡಿದೆ. 1800 ಮತ್ತು 1801ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ ಕಡೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣವಿಟ್ಟು ಉಕ್ಕು ಮಾಡುವುದನ್ನು ನೋಡಿ ಬರೆದುಕೊಂಡ. ಅದಕ್ಕೂ ಮೊದಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ನಮ್ಮ ದೇಶದ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಅದನ್ನು ಅವರು 'ವೂಟ್ಸ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಮಾತೇ ಪರದೇಶಿಗಳ ಬಾಯಲ್ಲಿ ಹಾಗೆ ತಿರುಚಿಕೊಂಡಿತೆಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ದಮಾಸ್ಕಸ್ ಕತ್ತಿ ಎಂದು ಲೋಕಕ್ಕೆ ಹೆಸರಾದ, ಮೈಮೇಲೆ ನೀರಿನ ಅಲೆಯಂಥ ಗೆರೆಯಿದ್ದ ಕತ್ತಿಗಳಿಗೆ ತೆಂಕಣದ ಈ ಉಕ್ಕೂ ಹೋಗುತ್ತಿತ್ತು. ಉಕ್ಕು ಮಾಡಿದವನ ಊರಿನ ಹೆಸರು ಅಳಿದು, ಮಾರಿದ ಸಂತೆಯ ಹೆಸರು ಉಳಿಯಿತು.

ಲಂಡನ್ನಿನಲ್ಲಿ ಚಾಕು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕಿಗೆ ಮರುಳಾದ. 1820ರ ಸುಮಾರಿಗೆ ಅವನು ಒಬ್ಬ ವಿಜ್ಞಾನಿಯ ಜೊತೆ ಸೇರಿ ಇದರ ಗುಟ್ಟು ಹುಡುಕಲು ಪ್ರಯೋಗ ನಡೆಸಿದ. ಆ ವಿಜ್ಞಾನಿ ಮೈಕೆಲ್ ಫ್ಯಾರಡೆ. ಫ್ಯಾರಡೆಯ ಅಪ್ಪ ಕಮ್ಮಾರ! ಅದೇ ಫ್ಯಾರಡೆ 1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ ಹುಟ್ಟಿಸುವ ತತ್ವ ಕಂಡುಹಿಡಿದ. ಆ ತತ್ವದ ಮೇಲೆ ತಿರುಗುವ ಯಂತ್ರಗಳನ್ನು ತಂದು ಶಿವನಸಮುದ್ರದಲ್ಲಿ ನಿಲ್ಲಿಸಿ, 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂತಿ ಹೋದ ದಾರಿಯ ಕೆಳಗಿನ ಗುಡಿಸಲುಗಳಲ್ಲಿ ಬುಡ್ಡಿ ದೀಪವೇ ಉಳಿಯಿತು. ಗಣಿಯ ಆಳದಲ್ಲಿ ಇಳಿದು ಚಿನ್ನ ಅಗೆದವರಲ್ಲಿ ನಮ್ಮಂಥವರೇ ಹೆಚ್ಚು. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ.

ಲಂಡನ್ನಿನ ಕಮ್ಮಾರನ ಮಗ ಫ್ಯಾರಡೆಯೂ ಬಡವ. ಅಲ್ಲಿಯ ವರ್ಗಭೇದ ಅವನನ್ನೂ ಕಾಡಿತು. ಆದರೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಆ ಪುಸ್ತಕಗಳನ್ನೇ ಓದಿ ಅವನು ವಿಜ್ಞಾನಿಯಾದ. ನಮ್ಮಲ್ಲಿ ಮೂಸೆಯ ಮುಂದೆ ಕೂತವನ ಮಗ ಮೂಸೆಯ ಮುಂದೆಯೇ ಕೂರಬೇಕಿತ್ತು. ಕಾಡು ಸರ್ಕಾರದ ಪಾಲಾಗಿ ಇದ್ದಿಲು ಸಿಗದಂತಾದಾಗ, ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣ ಸಂತೆ ತುಂಬಿದಾಗ, ಆ ಮೂಸೆಯೂ ಆರಿತು. ಅವನ ವಿದ್ಯೆ ಅವನ ಜೊತೆಗೇ ಮಣ್ಣಾಯಿತು. ವಿದ್ಯೆಯನ್ನು ಒಂದು ಕುಲದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರೆ ಆಗುವುದೇ ಇದು. ಆ ಕುಲ ಸೋತ ದಿನ ವಿದ್ಯೆಯೂ ಸಾಯುತ್ತದೆ. ಕಬ್ಬಿಣ ಇಲ್ಲ ಅಂದ ಹಲಗೂರು ಉರಿದದ್ದಕ್ಕೆ ಇದಕ್ಕಿಂತ ಬೇರೆ ಅರ್ಥ ಬೇಕೆ?

ಈಗ ಆ ಗುಟ್ಟನ್ನು ಹುಡುಕುತ್ತಿರುವವರು ಹವ್ಯಾಸಿಗಳು. ಅಮೆರಿಕದಲ್ಲಿ ವಿಲಿಯಂ ಮೊರಾನ್ ಎಂಬಾತ 1973ರಲ್ಲಿ ಪದರ ಪದರವಾಗಿ ಬೆಸೆದ 'ದಮಾಸ್ಕಸ್' ಚಾಕುಗಳನ್ನು ತೋರಿಸಿದ. 1976ರಲ್ಲಿ ಅಲ್ಲಿ ಚಾಕು ಬಡಿಯುವವರ ಸಂಘವೇ ಆಯಿತು. ಆಲ್ಫ್ರೆಡ್ ಪೆಂಡ್ರೇ ಎಂಬ ಕಮ್ಮಾರ, ಜಾನ್ ವರ್ಹೂವನ್ ಎಂಬ ಲೋಹವಿಜ್ಞಾನಿ ಸೇರಿ ವರ್ಷಗಟ್ಟಲೆ ಮೂಸೆ ಕಾಯಿಸಿ, ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುವಿನ ಕಿಂಚಿತ್ ಅಂಶ ಆ ಅಲೆಗೆರೆಗೆ ಕಾರಣವೆಂದು ತೋರಿಸಿಕೊಟ್ಟರು. ಒಳ್ಳೆಯ ಕೆಲಸ. ಇವತ್ತು ಪೇಟೆಯಲ್ಲಿ ದಮಾಸ್ಕಸ್ ಎಂದು ಮಾರುವ ಚಾಕುಗಳಲ್ಲಿ ಹೆಚ್ಚಿನವು ಪದರ ಬೆಸೆದವು, ಮೂಸೆಯ ಉಕ್ಕಲ್ಲ ಎಂಬುದನ್ನೂ ನಮ್ಮ ಹುಡುಗರು ತಿಳಿದಿರಲಿ. ನಮ್ಮ ಸಿಟ್ಟು ಮೊರಾನನ ಮೇಲಲ್ಲ, ಪೆಂಡ್ರೇಯ ಮೇಲಲ್ಲ. ಅವರು ಕೈ ಸುಟ್ಟುಕೊಂಡು ಕಲಿತರು. ನಮ್ಮ ಪ್ರಶ್ನೆ ನಮ್ಮವರಿಗೆ.

4

ಕನ್ನಡದಲ್ಲಿ ಕೆಲಸಕ್ಕೆ ಎರಡು ಹೆಸರಿವೆ. ಒಂದು ಕಸುಬು, ಇನ್ನೊಂದು ಹವ್ಯಾಸ. ಕಸುಬಿನ ಹಿಂದೆ ಕುಲ ಎಂಬ ಮಾತು ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಕುಲಹವ್ಯಾಸ ಎಂದು ಯಾರಾದರೂ ಅಂದದ್ದುಂಟೆ? ಹವ್ಯಾಸ ಎಂದರೆ ಬಿಡುವು ಇದ್ದವನ ಮಾತು, ಬೇಡವಾದರೆ ಬಿಟ್ಟು ಎದ್ದು ಹೋಗಬಲ್ಲವನ ಮಾತು. ಜಾತಿಯನ್ನು ಶ್ರಮದ ವಿಭಜನೆ ಎಂದು ಹೊಗಳುತ್ತಿದ್ದವರಿಗೆ ಅಂಬೇಡ್ಕರ್ 1936ರಲ್ಲೇ ಉತ್ತರ ಕೊಟ್ಟರು. ಇದು ಬರೀ ಶ್ರಮವನ್ನು ಹಂಚಿದ್ದಲ್ಲ, ಶ್ರಮಿಕರನ್ನೇ ಸೀಳಿದ್ದು, ಇದರಲ್ಲಿ ಮನುಷ್ಯನ ಒಲವಿಗಾಗಲಿ ಆಯ್ಕೆಗಾಗಲಿ ಜಾಗವಿಲ್ಲ ಎಂದರು. ಹುಡುಗನ ಚಾಕು ಮತ್ತು ಮೀನಿನ ಅಕ್ಕನ ಚಾಕುವಿನ ನಡುವೆ ಇರುವ ಗೋಡೆ ಈ ಆಯ್ಕೆಯದು.

ಬೆಂಗಳೂರಿನ ಹುಡುಗ ಚಾಕುವಿಗೆ ತಾನೇ ತೊಗಲಿನ ಒರೆ ಹೊಲಿದಿದ್ದ. ಸ್ನೇಹಿತರೆಲ್ಲ ಶಹಬ್ಬಾಸ್ ಅಂದರಂತೆ. ನಮ್ಮ ಗೆಳೆಯನೊಬ್ಬ ಸುಮ್ಮನೆ ಆ ಒರೆಯನ್ನೇ ನೋಡುತ್ತಿದ್ದ. ಅವನ ಅಜ್ಜ ಊರವರಿಗೆ ಎಕ್ಕಡ ಹೊಲಿಯುತ್ತಿದ್ದವನು. ಆ ಅಜ್ಜ ಒಂದು ದಿನವೂ ಶಹಬ್ಬಾಸ್ ಕೇಳಲಿಲ್ಲ. ತೊಗಲಿನ ವಾಸನೆ ಎಂದು ಇಸ್ಕೂಲಿನಲ್ಲಿ ಅವನ ಮಗನನ್ನು ಬೇರೆ ಕೂರಿಸಿದರು. ಅದೇ ತೊಗಲು, ಅದೇ ಉಳಿ, ಅದೇ ದಾರ. ಕೈ ಬದಲಾದರೆ ಹೊಲಸು ಕಲೆಯಾಗುತ್ತದೆ. ಇದು ಹುಡುಗನ ತಪ್ಪಲ್ಲ. ಆದರೆ ಇದು ಅವನಿಗೆ ಗೊತ್ತಿಲ್ಲದಿರುವುದು ತಪ್ಪಲ್ಲ ಎಂದೂ ಹೇಳಲಾರೆವು.

ಚಾಕುವಿಗೆ ಕಾನೂನೂ ಉಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧ ಎಂದು ಎಣಿಸುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಎಂದು ಮಾಡಿದ್ದನ್ನು ಬಿಟ್ಟು. ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಆದರೆ ಯಾವ ಮಚ್ಚು ಬೇಸಾಯದ್ದು, ಯಾವ ಮಚ್ಚು ಆಯುಧ ಎಂದು ದಾರಿಯಲ್ಲಿ ನಿಂತು ತೀರ್ಮಾನಿಸುವವರು ಯಾರು? ಮಚ್ಚು ಹಿಡಿದವನ ಮುಖ, ಬಟ್ಟೆ, ಕೇರಿ ನೋಡಿ ಆ ತೀರ್ಮಾನ ಆಗುತ್ತದೆಂಬುದು ಕಬ್ಬು ಕಡಿಯಲು ಹೋಗುವ ನಮ್ಮ ಹುಡುಗರಿಗೆಲ್ಲ ಗೊತ್ತು. ಕೊಡಗಿನ ಮದುಮಗನ ಸೊಂಟದಲ್ಲಿ ಪೀಚೆಕತ್ತಿ ಬೆಳ್ಳಿ ಸರಪಣಿಯಲ್ಲಿ ತೂಗಿದರೆ ಅದು ಸಂಸ್ಕೃತಿ. ದಸರೆಯಲ್ಲಿ ಅರಮನೆಯ ಪಟ್ಟದ ಕತ್ತಿಗೆ ಪೂಜೆಯಾದರೆ ಅದು ಪರಂಪರೆ. ಬೆಂಗಳೂರಿನ ಹುಡುಗ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ಹವ್ಯಾಸ. ಹೊಲಗೇರಿಯ ಹುಡುಗ ಹಿಡಿದರೆ ಅದು ಕೇಸು. ಹೊಟ್ಟೆಕಿಚ್ಚಿಗೆ ಈ ಮಾತಲ್ಲ. 1993ರ ಬದನವಾಳಿನಲ್ಲಿ, 2000ದ ಕಂಬಾಲಪಲ್ಲಿಯಲ್ಲಿ ಸತ್ತವರು ಯಾರು ಎಂದು ನೆನೆದರೆ, ಈ ನಾಡಿನಲ್ಲಿ ಹೆದರಬೇಕಾದವರು ಯಾರು, ಹೆದರಿಸುವವರು ಯಾರು ಎಂಬ ಲೆಕ್ಕ ತಿಳಿಯುತ್ತದೆ.

ಚಿಕ್ಕಲ್ಲೂರಿನಲ್ಲೇ ಈ ಲೆಕ್ಕ ಕಣ್ಣಿಗೆ ಬಿತ್ತು. ಜಾತ್ರೆಯಲ್ಲಿ ಒಕ್ಕಲುಗಳು ಅಲ್ಲೇ ಬಿಡಾರ ಹೂಡಿ, ಅಡಿಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ ತಲೆಮಾರುಗಳಿಂದ ನಡೆದು ಬಂದದ್ದು. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ಹೆಸರಿನಲ್ಲಿ ದಾರಿಗೆ ತಡೆ ಹಾಕಿ ಕುರಿ ಕೋಳಿಗಾಗಿ ಗಾಡಿಗಳನ್ನು ತಪಾಸಣೆ ಮಾಡುತ್ತಾರೆ. ದೇವರಿಗೆ ಬಲಿ ಕೊಡುತ್ತಿಲ್ಲ ಸ್ವಾಮಿ, ನಮ್ಮ ಊಟ ನಾವು ಉಣ್ಣುತ್ತಿದ್ದೇವೆ ಎಂದು ಒಕ್ಕಲುಗಳು ಕೇಳುತ್ತಲೇ ಇದ್ದಾರೆ. ಬಲಿ ಬೇರೆ, ಬಾಡೂಟ ಬೇರೆ ಎಂಬ ಈ ಸರಳ ಮಾತು ದೊಡ್ಡವರ ಕಿವಿಗೆ ಬೀಳುವುದಿಲ್ಲ. ಕಬ್ಬಿಣದ ಭಿಕ್ಷ ತಂದವನ ಜಾತ್ರೆಯಲ್ಲಿ ಅವನ ಮಕ್ಕಳ ಅಡಿಗೆಯ ಮಚ್ಚು ಕಳ್ಳಮಾಲಿನಂತಾಗಿದೆ.

5

ಇಷ್ಟೆಲ್ಲಾ ಊರವರನ್ನು ಬೈದ ಮೇಲೆ ನಮ್ಮ ಮನೆಯ ಮೂಲೆಯನ್ನೂ ಗುಡಿಸಬೇಕು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯ ಖಡ್ಗವಾಗಬೇಕೆಂದು ಕರೆ ಕೊಟ್ಟಿತು. ಆ ಕರೆ ನಮ್ಮಂಥ ಸಾವಿರಾರು ಹುಡುಗರ ಬೆನ್ನು ನೆಟ್ಟಗೆ ಮಾಡಿತು. ಅದರ ಋಣ ನಮ್ಮ ಮೇಲಿದೆ. ಅದಕ್ಕೇ ಇದನ್ನು ಹೇಳುವ ಹಕ್ಕೂ ನಮಗಿದೆ ಎಂದುಕೊಳ್ಳುತ್ತೇವೆ.

ನಮ್ಮ ಕೇರಿಯಲ್ಲಿ ಖಡ್ಗ ಯಾವ ಮನೆಯಲ್ಲಿತ್ತು? ಖಡ್ಗ ರಾಜನದು. ಕಡಿಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದರಿಂದ ರಾಗಿ ಕುಯ್ಯಲಾಗದು, ಸೌದೆ ಸೀಳಲಾಗದು, ತೊಗಲು ಕೊಯ್ಯಲಾಗದು, ಮಗುವಿನ ಹೊಕ್ಕುಳಬಳ್ಳಿ ಕತ್ತರಿಸಲಾಗದು. ನಮ್ಮ ಮನೆಗಳಲ್ಲಿ ಇದ್ದದ್ದು ಕುಡ್ಲು, ಮಚ್ಚು, ಈಳಿಗೆಮಣೆ, ರಂಪಿಗೆ, ಉಳಿ. ನಾವು ಹಾಡು ಕಟ್ಟುವಾಗ ಇವನ್ನು ಬಿಟ್ಟು ಅರಮನೆಯ ಗೋಡೆಯಿಂದ ಖಡ್ಗ ಇಳಿಸಿಕೊಂಡೆವು. ಆ ಖಡ್ಗ ಕೆಲವು ದಿನ ಚೆನ್ನಾಗಿ ಹೊಳೆಯಿತು. ಆಮೇಲೆ ಎಷ್ಟೋ ಜನರ ಕಾವ್ಯದ ಖಡ್ಗ ಸನ್ಮಾನದ ಶಾಲಿನೊಳಗೆ ಒರೆ ಸೇರಿತು. ಖಡ್ಗದ ಗುಣವೇ ಅದು. ದಿನಾ ಬಳಸದ ಅಲಗು ಗೋಡೆಗೆ ಅಂದ.

ನಮ್ಮ ಹಿರಿಯನೊಬ್ಬ ಬೇರೆ ದಾರಿ ತೋರಿಸಿದ್ದ. ಮಾದಾರ ಚೆನ್ನಯ್ಯನ ವಚನಗಳ ಅಂಕಿತ ನೋಡಿ. ಬೇರೆಯವರು ತಮ್ಮೂರ ದೇವರ ಹೆಸರಿಡುವ ಜಾಗದಲ್ಲಿ ಅವನ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗುಂಟ ಬಂದು ಕೂತಿವೆ. ತೊಗಲು ಕೊಯ್ಯುವ, ಚುಚ್ಚುವ, ಇಟ್ಟು ಬಡಿಯುವ ಮೂರು ಹತಾರಗಳು. ಹೊಲಸು ಎಂದು ಲೋಕ ಮೂಗು ಮುರಿದ ಹತಾರಗಳನ್ನು ಅವನು ದೇವರ ಹೆಸರಿನ ಪಕ್ಕಕ್ಕೆ ತಂದಿಟ್ಟ. ಆದರೂ ಇವುಗಳಿಗೆ ದಾಸನಾಗಬೇಡ, ಅರಿವು ಕಾಣು ಎಂಬ ಎಚ್ಚರವನ್ನೂ ಅದರಲ್ಲೇ ಸೇರಿಸಿದ. ಕೆಲಸದ ಗೌರವ ಬೇಕು, ಕೆಲಸದ ಸಂಕೋಲೆ ಬೇಡ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಅಂಕಿತವನ್ನು ನಮ್ಮ ಕಾವ್ಯಮೀಮಾಂಸೆಯ ಮೊದಲ ಪಾಠ ಮಾಡಿಕೊಂಡಿದ್ದರೆ ನಾವು ಖಡ್ಗದ ಬದಲು ರಂಪಿಗೆ ಹಿಡಿಯುತ್ತಿದ್ದೆವೇನೋ.

ಹತಾರದ ಇನ್ನೊಂದು ಪಾಠ ಆರೈಕೆಯದು. ನಮ್ಮವ್ವಂದಿರು ಕುಡ್ಲನ್ನು ನೋಡಿಕೊಳ್ಳುವುದನ್ನು ನೆನೆಯಿರಿ. ಹೊಲಕ್ಕೆ ಹೋಗುವ ಮುಂಚೆ ಮಸೆಗಲ್ಲಿಗೆ ಎರಡು ಹನಿ ನೀರು ಬಿಟ್ಟು ಮಸೆಯುವುದು, ಬಂದ ಮೇಲೆ ಕೆಸರು ಒರೆಸಿ ಸೂರಿಗೆ ಸಿಕ್ಕಿಸುವುದು, ಮಕ್ಕಳ ಕೈಗೆ ಸಿಗದ ಹಾಗೆ. ತುಕ್ಕು ಹತ್ತಿದರೆ ಬೂದಿ, ಹುಣಸೆಹಣ್ಣು ಹಾಕಿ ಉಜ್ಜುವುದು. ಕಕ್ಕು ಸವೆದರೆ ಕುಲುಮೆಗೆ ಒಯ್ಯುವುದು. 'ಮೊಂಡ್ ಕುಡ್ಲೇ ಕೈ ಕುಯ್ಯೋದು ಕಣ್ಲಾ' ಎಂದು ನಮ್ಮವ್ವಂದಿರು ಬೈಯುತ್ತಿದ್ದರು. ನಿಜ. ಹರಿತವಾದದ್ದು ಹುಲ್ಲು ಕುಯ್ಯುತ್ತದೆ. ಮೊಂಡಾದದ್ದು ಜಾರಿ ಹಿಡಿದವನನ್ನೇ ಕುಯ್ಯುತ್ತದೆ. ನಮ್ಮ ಸಂಘಟನೆಗಳು ಹೋಳು ಹೋಳಾದ ಚರಿತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘೋಷಣೆಗಳನ್ನು ಮಸೆಯದೆ ಬಳಸಿದೆವು. ಓದದೆ, ಪ್ರಶ್ನೆ ಕೇಳದೆ, ಹೊಸ ಹುಡುಗರ ಕೈಗೆ ಹಳೇ ಮೊಂಡು ಮಾತುಗಳನ್ನು ಕೊಟ್ಟೆವು. ಅವು ನಮ್ಮ ಕೈಯನ್ನೇ ಕುಯ್ದವು.

6

ಹಾಗಾದರೆ ಆ ಹುಡುಗನಿಗೆ ಚಾಕು ಮಾಡುವುದನ್ನು ಬಿಡು ಅನ್ನಬೇಕೆ? ಗೆಳೆಯರಲ್ಲಿ ಒಬ್ಬ ಹಾಗೇ ವಾದಿಸಿದ. ಹೊಟ್ಟೆ ತುಂಬಿದವರ ಆಟ, ನಮ್ಮ ಬೆವರನ್ನು ಕದ್ದು ಮಾಡಿದ ಆಭರಣ ಎಂದ. ನಾವು ಒಪ್ಪಲಿಲ್ಲ. ಯೋಚಿಸಿ ನೋಡಿದರೆ, ಕುಲದ ಗೊಡವೆಯಿಲ್ಲದೆ ಒಬ್ಬ ಮನುಷ್ಯ ಕಬ್ಬಿಣದ ಮುಂದೆ ಕೂತು, ಇಷ್ಟಪಟ್ಟು, ಕೈ ಕಪ್ಪು ಮಾಡಿಕೊಂಡು, ಮಾಡಿದ್ದನ್ನು ನೋಡಿ ಸಂತೋಷಪಡುವುದು ಇದೆಯಲ್ಲಾ, ಅದು ನಾವು ಕೇಳುತ್ತಿರುವ ಸಮಾಜದ ಒಂದು ಚೂರು. ಬೆಳಿಗ್ಗೆ ಒಂದು ಕೆಲಸ, ಸಂಜೆ ಇನ್ನೊಂದು, ಯಾವುದಕ್ಕೂ ಹಣೆಪಟ್ಟಿ ಇಲ್ಲ ಎಂಬ ಬದುಕನ್ನು ಮಾರ್ಕ್ಸ್ ಕನಸಿದ್ದ. ಒಲವಿನಿಂದ ಆರಿಸಿಕೊಂಡ ಕೆಲಸ ಎಂದು ಅಂಬೇಡ್ಕರ್ ಕೇಳಿದ್ದೂ ಇದನ್ನೇ. ಆ ಹುಡುಗನ ಸಂತೋಷ ಸುಳ್ಳಲ್ಲ. ಅದು ಕೆಲವರಿಗೆ ಮಾತ್ರ ಸಿಕ್ಕಿದೆ ಎಂಬುದು ನಮ್ಮ ತಕರಾರು.

ಆದ್ದರಿಂದ ನಾವು ಅವನನ್ನು ಕೇಳುವುದು ಹಲಗೂರಿನವರನ್ನು ಸಿದ್ಧಪ್ಪಾಜಿ ಕೇಳಿದ್ದನ್ನೇ. ಕಬ್ಬಿಣ ಇದೆ ಅಲ್ಲವೇ, ಇಲ್ಲ ಅನ್ನಬೇಡ. ಅಮೆರಿಕದ ವಿಡಿಯೋ ನೋಡಿ ಕಲಿತದ್ದನ್ನು ಮಳವಳ್ಳಿಯ ಕುಲುಮೆಗೂ ಒಯ್ಯಿ. ಅಲ್ಲಿ ಉಳಿದಿರುವ ಮುದುಕನ ಕಣ್ಣಿನ ಹದವನ್ನು ಕಲಿತು, ಅವನ ಹೆಸರಿನ ಸಮೇತ ಬರೆದಿಡು. ನಿನ್ನ ಒರೆಯನ್ನು ಹೊಲಿಯುವಾಗ ಆ ಹೊಲಿಗೆ ಯಾರ ಕೈಯಿಂದ ಬಂದದ್ದೆಂದು ತಿಳಿದುಕೋ. ಹಳ್ಳಿಯ ಮೇಷ್ಟ್ರುಗಳನ್ನೂ ಒಂದು ಮಾತು ಕೇಳುತ್ತೇವೆ. ವಿಜ್ಞಾನದ ಪಾಠದಲ್ಲಿ ಫ್ಯಾರಡೆ ಬಂದಾಗ ಕಮ್ಮಾರನ ಮಗ ಎಂಬುದನ್ನು ಹೇಳಿ. ಮಕ್ಕಳನ್ನು ಒಂದು ದಿನ ಕುಲುಮೆಗೆ ಕರೆದುಕೊಂಡು ಹೋಗಿ. ಎಲ್ಲಾ ಕೇರಿಯ ಮಕ್ಕಳನ್ನೂ, ಹೆಣ್ಣುಮಕ್ಕಳನ್ನೂ. ಒಬ್ಬೊಬ್ಬರೂ ಒಂದೊಂದು ಏಟು ಬಡಿಯಲಿ. ಕೆಂಪಗೆ ಕಾದ ಕಬ್ಬಿಣಕ್ಕೆ ಬಡಿಯುವವನ ಜಾತಿ ಗೊತ್ತಾಗುವುದಿಲ್ಲ ಎಂಬುದನ್ನು ಕೈಯಿಂದಲೇ ಕಲಿಯಲಿ.

ಹೊರಡುವಾಗ ಆ ಹುಡುಗ ಒಂದು ಕೆಲಸ ಮಾಡಿದ. ತನ್ನ ಚೀಲದಿಂದ ಸಾಣೆಕಲ್ಲು ತೆಗೆದು, ಮೀನಿನ ಅಕ್ಕನ ಬ್ಲೇಡಿನ ಚಾಕು ಈಸಿಕೊಂಡು ಹತ್ತು ನಿಮಿಷ ಮಸೆದು ಕೊಟ್ಟ. ಆಕೆ ಮತ್ತೆ ಹೆಬ್ಬೆರಳಲ್ಲಿ ಸವರಿ ನೋಡಿ, ಒಂದು ಮೀನು ಎತ್ತಿಕೊಂಡು ಸರ್ರನೆ ಸೀಳಿದಳು. 'ಈಗ ಬಾಯ್ ಬಂತು ನೋಡು' ಅಂದಳು. ಅಲಗಿಗೆ ನಮ್ಮ ಜನ ಬಾಯಿ ಅನ್ನುತ್ತಾರೆ. ಅದು ಬರಬೇಕಾದದ್ದು ಚಾಕುವಿಗೆ ಮಾತ್ರವಲ್ಲ.